ಲೆಕ್ಕ ಕೇಳುವ ವಿದ್ಯೆ ಬೆಟ್ಟಕ್ಕೂ ಬರಲಿ

ಬೇಸಿಗೆ ರಜೆ ಆರಂಭವಾಯಿತೆಂದರೆ ಬೆಂಗಳೂರಿನ ಗಾಜಿನ ಕಟ್ಟಡಗಳೊಳಗೆ ವಿದ್ಯಾರ್ಥಿಗಳ ಹೊಸ ತಂಡಗಳು ಕಾಲಿಡುತ್ತವೆ. ಕೊರಳಲ್ಲಿ ಗುರುತಿನ ಚೀಟಿ, ಎದುರಿಗೆ ಸಂಸ್ಥೆ ಒದಗಿಸಿದ ಲ್ಯಾಪ್‌ಟಾಪ್, ಎಂಟು ಹತ್ತು ವಾರಗಳ ಅವಧಿ. ವಾಣಿಜ್ಯ, ನಿರ್ವಹಣಾಶಾಸ್ತ್ರ, ಎಂಜಿನಿಯರಿಂಗ್ ಓದುವವರು ಪದವಿ ಮುಗಿಯುವ ಮುನ್ನವೇ ಹೀಗೆ ಕಚೇರಿಯಲ್ಲಿ ಕುಳಿತು ಕೆಲಸ ಕಲಿಯುವ ಪದ್ಧತಿಗೆ ಇಂಟರ್ನ್‌ಶಿಪ್ ಎಂದು ಹೆಸರು. ಇದಕ್ಕಾಗಿ ವಿದ್ಯಾರ್ಥಿಗಳು ಹಾತೊರೆಯುವ ಸ್ಥಳಗಳಲ್ಲಿ ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಎಂಬ ನಾಲ್ಕು ಜಾಗತಿಕ ವೃತ್ತಿಪರ ಸೇವಾ ಸಂಸ್ಥೆಗಳು ಮುಖ್ಯವಾದವು. ಇವು ಬಟ್ಟೆಯನ್ನಾಗಲಿ ಸಿಮೆಂಟನ್ನಾಗಲಿ ತಯಾರಿಸುವುದಿಲ್ಲ. ಕಂಪನಿಗಳ ಲೆಕ್ಕ ಪರಿಶೋಧಿಸುವುದು, ತೆರಿಗೆಯ ಸಲಹೆ ನೀಡುವುದು, ಉದ್ಯಮಗಳಿಗೂ ಸರ್ಕಾರಗಳಿಗೂ ವರದಿ ಬರೆದುಕೊಡುವುದು ಇವುಗಳ ವ್ಯವಹಾರ.

ಇಂಥ ಕಚೇರಿಗೂ ಹನೂರು ತಾಲ್ಲೂಕಿನ ಹೂಗ್ಯಂ ಗ್ರಾಮಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ ಈ ಊರು ಮಲೆ ಮಹದೇಶ್ವರ ವನ್ಯಜೀವಿಧಾಮದ ಅಂಚಿನಲ್ಲಿದೆ. ಮಳೆಯನ್ನು ನಂಬಿದ ಬೇಸಾಯ, ದನ ಮೇಯಿಸುವುದು, ದುಡಿಮೆಗಾಗಿ ಊರು ಬಿಡುವುದು ಇಲ್ಲಿಯ ಜನಕ್ಕೆ ಹೊಸತಲ್ಲ. ಈ ಕಡೆಯ ಹುಡುಗ ಹುಡುಗಿಯರಲ್ಲಿ ಅನೇಕರು ಈಗ ಹನೂರು, ಕೊಳ್ಳೇಗಾಲ, ಮೈಸೂರಿನ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅವರ ಮುಂದೆಯೂ ಇಂಟರ್ನ್‌ಶಿಪ್ ಎಂಬ ಮಾತು ಬಂದು ನಿಂತಿದೆ. ಅದನ್ನು ಕಣ್ಣು ಮುಚ್ಚಿ ಒಪ್ಪುವುದಾಗಲಿ, ನಗರದ ಮಾಯೆಯೆಂದು ತಳ್ಳಿಹಾಕುವುದಾಗಲಿ ವಿವೇಕವೆನಿಸದು. ಅಲ್ಲಿ ಕಲಿಸುವುದೇನು, ಆ ಕಲಿಕೆ ಯಾರ ಸೇವೆಗೆ ಸಲ್ಲುತ್ತಿದೆ, ಅದನ್ನು ಬೆಟ್ಟಕ್ಕೆ ತರುವ ದಾರಿ ಯಾವುದು ಎಂಬುದನ್ನು ವಿಚಾರಿಸಬೇಕಾಗಿದೆ.

ಮೊದಲು ಕಲಿಕೆಯ ವಿಷಯ. ಲೆಕ್ಕಪರಿಶೋಧನೆಯ ವಿಭಾಗಕ್ಕೆ ಸೇರಿದ ಹೊಸಬನಿಗೆ ಸಿಗುವ ಕೆಲಸ ಹೊರಗಿನಿಂದ ಕಾಣುವಷ್ಟು ವೈಭವದ್ದಲ್ಲ. ಲೆಡ್ಜರಿನ ಒಂದೊಂದು ನಮೂದಿಗೂ ಬಿಲ್ಲು, ವೋಚರು, ಬ್ಯಾಂಕಿನ ದಾಖಲೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಎಲ್ಲವನ್ನೂ ನೋಡಲಾಗದಿದ್ದಲ್ಲಿ ಮಾದರಿಗಳನ್ನು ಆರಿಸಿ ಪರೀಕ್ಷಿಸಬೇಕು. ಗೋದಾಮಿನಲ್ಲಿ ಇದೆಯೆಂದು ಬರೆದ ಸರಕು ನಿಜಕ್ಕೂ ಇದೆಯೇ ಎಂದು ಎಣಿಸಬೇಕು. ಪರೀಕ್ಷಿಸಿದ್ದನ್ನೆಲ್ಲ ಇನ್ನೊಬ್ಬರು ಮತ್ತೆ ಪರಿಶೀಲಿಸಲು ಬರುವಂತೆ ಬರೆದಿಡಬೇಕು. ಬೇಸರ ತರಿಸುವ ಕೆಲಸವಾದರೂ ಇದರೊಳಗೊಂದು ಶಿಸ್ತಿದೆ. ಹೇಳಿದವನು ಎಷ್ಟೇ ದೊಡ್ಡವನಾಗಿರಲಿ, ಸಾಕ್ಷ್ಯವಿಲ್ಲದೆ ಮಾತನ್ನು ಒಪ್ಪಬಾರದೆಂಬುದು ಆ ಶಿಸ್ತು. ಅಧಿಕಾರಿಯ ಎದುರು ಕೈಕಟ್ಟಿ ನಿಲ್ಲುವುದನ್ನೇ ಅಭ್ಯಾಸ ಮಾಡಿಕೊಂಡ ಸಮಾಜದಲ್ಲಿ ಇಪ್ಪತ್ತು ವರ್ಷದ ಯುವತಿಯೊಬ್ಬಳು ಹಿರಿಯ ಅಧಿಕಾರಿಯನ್ನು ‘ಇದರ ವೋಚರ್ ತೋರಿಸಿ’ ಎಂದು ಕೇಳಲು ಕಲಿಯುವುದು ಸಣ್ಣ ಸಂಗತಿಯಲ್ಲ.

ಆದರೆ ಈ ಶಿಸ್ತಿಗೆ ಒಂದು ಮಿತಿಯೂ ಇದೆ. ಯಾರ ಲೆಕ್ಕವನ್ನು ಪರಿಶೋಧಿಸಬೇಕೋ ಅವರೇ ಶುಲ್ಕ ಕೊಡುತ್ತಾರೆ. ಅಮೆರಿಕದ ಎನ್ರಾನ್ ಕಂಪನಿ 2001ರಲ್ಲಿ ಕುಸಿದಾಗ ಅದರ ಲೆಕ್ಕ ನೋಡುತ್ತಿದ್ದ ಆರ್ಥರ್ ಆಂಡರ್ಸನ್ ಎಂಬ ಸಂಸ್ಥೆಯೂ ಮರುವರ್ಷ ಇಲ್ಲವಾಯಿತು. ಅದುವರೆಗೆ ಐದಾಗಿದ್ದ ದೊಡ್ಡ ಸಂಸ್ಥೆಗಳು ನಾಲ್ಕಾದದ್ದು ಹೀಗೆ. ಭಾರತದಲ್ಲಿ 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಅಧ್ಯಕ್ಷರು ತಾವೇ ಲೆಕ್ಕವನ್ನು ಉಬ್ಬಿಸಿದ್ದಾಗಿ ಒಪ್ಪಿಕೊಳ್ಳುವವರೆಗೂ ವರ್ಷವರ್ಷದ ಪರಿಶೋಧನಾ ವರದಿಗಳಲ್ಲಿ ಆ ಮೋಸ ಬಯಲಾಗಿರಲಿಲ್ಲ.

ಪರಿಸರದ ವಿಷಯದಲ್ಲಿ ಇದೇ ಮಿತಿ ಕಾಡಿನ ಬಾಗಿಲಿಗೇ ಬಂದು ತಟ್ಟುತ್ತದೆ. ಅಣೆಕಟ್ಟು, ಗಣಿ, ವಿದ್ಯುತ್ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾದದ್ದು 1994ರ ಅಧಿಸೂಚನೆಯಿಂದ. 2006ರ ಅಧಿಸೂಚನೆ ಅದರ ಸ್ಥಾನಕ್ಕೆ ಬಂತು. ಎರಡರಲ್ಲಿಯೂ ಅಧ್ಯಯನ ನಡೆಸುವ ಸಲಹಾ ಸಂಸ್ಥೆಗೆ ಹಣ ಕೊಡುವವನು ಯೋಜನೆಯ ಒಡೆಯನೇ. ಇದರ ಪರಿಣಾಮವನ್ನು ಕರ್ನಾಟಕ 2000ನೇ ಇಸವಿಯಲ್ಲಿ ಕಂಡಿತು. ಉತ್ತರ ಕನ್ನಡದ ಕಾಳಿ ನದಿಗೆ ದಾಂಡೇಲಿಯಲ್ಲಿ ಉದ್ದೇಶಿಸಿದ್ದ ಕಿರು ಜಲವಿದ್ಯುತ್ ಯೋಜನೆಗಾಗಿ ಅರ್ನ್ಸ್ಟ್ ಅಂಡ್ ಯಂಗ್, ಅಂದರೆ ಇಂದಿನ ಇವೈ, ಸಿದ್ಧಪಡಿಸಿದ್ದ ಪರಿಸರ ವರದಿಯ ಬಹುಭಾಗವು ತಟ್ಟಿಹಳ್ಳದ ಯೋಜನೆಗೆ ಬೇರೊಂದು ಸಂಸ್ಥೆ ಬರೆದಿದ್ದ ವರದಿಯ ನಕಲು ಎಂಬುದನ್ನು ಪರಿಸರ ಕಾರ್ಯಕರ್ತರು ಬಯಲಿಗೆಳೆದರು. ಒಂದು ಕಣಿವೆಯ ಗಿಡಮರಗಳನ್ನು ಇನ್ನೊಂದು ಕಣಿವೆಯವೆಂದು ತೋರಿಸಲಾಗಿತ್ತು. ‘ಸಾಕ್ಷ್ಯ ತೋರಿಸು’ ಎಂದು ಜಗತ್ತಿಗೆ ಹೇಳುವ ಸಂಸ್ಥೆಯ ವರದಿಗೇ ಸಾಕ್ಷ್ಯ ಕೇಳಿದವರು ಸಾಮಾನ್ಯ ಓದುಗರು ಎಂಬುದನ್ನು ಗಮನಿಸಬೇಕು. ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವಷ್ಟು ತಾಳ್ಮೆಯಿದ್ದುದರಿಂದ ಅದು ಸಾಧ್ಯವಾಯಿತು.

ಅಂಥ ವರದಿಗಳ ಸಂಖ್ಯೆ ಈಗ ಹೆಚ್ಚುತ್ತಿದೆ. ದೇಶದ ಮೊದಲ ಸಾವಿರ ನೋಂದಾಯಿತ ಕಂಪನಿಗಳು ತಮ್ಮ ಪರಿಸರ ಹಾಗೂ ಸಾಮಾಜಿಕ ಹೊಣೆಯ ಕುರಿತು ವಾರ್ಷಿಕ ವರದಿ ಕೊಡಬೇಕೆಂಬ ಸೆಬಿ ನಿಯಮ 2022–23ರಿಂದ ಜಾರಿಯಲ್ಲಿದೆ. ಎಷ್ಟು ನೀರು ಬಳಸಿದರು, ಎಷ್ಟು ಇಂಗಾಲ ಹೊರಬಿಟ್ಟರು ಎಂಬ ಕೋಷ್ಟಕಗಳನ್ನು ತುಂಬಿಸಲು ನೆರವಾಗುವುದು ಸಲಹಾ ಸಂಸ್ಥೆಗಳಿಗೆ ಹೊಸ ವ್ಯವಹಾರವಾಗಿದೆ. ಆ ಮೇಜಿನ ಸುತ್ತ ಕೂತವರಲ್ಲಿ ಬತ್ತಿದ ಹಳ್ಳವನ್ನು ಕಣ್ಣಾರೆ ಕಂಡವರು, ಮೇವಿಲ್ಲದ ಬೇಸಿಗೆಯಲ್ಲಿ ದನ ಸಾಕಿದವರು ಒಬ್ಬರಾದರೂ ಇರುವುದು ಅಗತ್ಯ. ಕೋಷ್ಟಕದಲ್ಲಿ ಬಿಟ್ಟುಹೋದದ್ದು ಅಂಥವರ ಕಣ್ಣಿಗೆ ಬೇಗ ಬೀಳುತ್ತದೆ.

ಅವರು ಅಲ್ಲಿಗೆ ತಲುಪುವುದು ಸುಲಭವಾಗಿಲ್ಲ. ದೊಡ್ಡ ಸಂಸ್ಥೆಗಳ ಆಯ್ಕೆ ಸಾಮಾನ್ಯವಾಗಿ ಹೆಸರಾಂತ ಕಾಲೇಜುಗಳ ಅಂಗಳದಲ್ಲಿ, ಇಂಗ್ಲಿಷಿನಲ್ಲಿ, ಪರಿಚಯದ ಬಲದಲ್ಲಿ ನಡೆಯುತ್ತದೆ. ಈ ಕೊರತೆಯನ್ನು ತುಂಬಲೆಂದು ಕೇಂದ್ರ ಸರ್ಕಾರ 2024ರ ಜುಲೈ ತಿಂಗಳ ಬಜೆಟ್ಟಿನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು ಪ್ರಕಟಿಸಿತು. ಐದು ವರ್ಷಗಳಲ್ಲಿ ಒಂದು ಕೋಟಿ ಯುವಜನರಿಗೆ 500 ದೊಡ್ಡ ಕಂಪನಿಗಳಲ್ಲಿ ಅವಕಾಶ, ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಮ್ಮೆ 6,000 ರೂಪಾಯಿ ಎಂಬುದು ಆಗಿನ ಘೋಷಣೆ. ಪ್ರಾಯೋಗಿಕ ಹಂತದ ಮೊದಲ ಸುತ್ತಿನಲ್ಲಿ ಸುಮಾರು 82 ಸಾವಿರ ಅವಕಾಶಪತ್ರಗಳು ಹೊರಟವು. ಒಪ್ಪಿದವರು ಸುಮಾರು 28 ಸಾವಿರ. ನಿಜವಾಗಿ ಹೋಗಿ ಸೇರಿದವರು ಒಂಬತ್ತು ಸಾವಿರಕ್ಕೂ ಕಡಿಮೆ. ಊರಿನಿಂದ ದೂರ, ಕಡಿಮೆ ಹಣ, ದೀರ್ಘ ಅವಧಿ ಇವೇ ಅಡ್ಡಿಗಳೆಂಬ ಮಾತು ಕೇಳಿಬಂತು. ಬೆಂಗಳೂರಿನಲ್ಲಿ ಒಂದು ಹಾಸಿಗೆಯ ಬಾಡಿಗೆಗೂ ಊಟಕ್ಕೂ ಆ ಐದು ಸಾವಿರ ಸಾಲದೆಂಬುದನ್ನು ಹೂಗ್ಯಂನ ತಾಯಂದಿರಿಗೆ ಯಾವ ತಜ್ಞರೂ ವಿವರಿಸಬೇಕಾಗಿಲ್ಲ. ಬಾಡಿಗೆ ಕೊಡಬಲ್ಲವರಿಗೆ ಮಾತ್ರ ಕಲಿಕೆ ದೊರೆಯುವುದಾದರೆ ಅದನ್ನು ಅವಕಾಶವೆಂದು ಕರೆಯುವುದು ಕಷ್ಟ.

ಕೆಲಸದ ಹೊರೆಯ ಮಾತನ್ನೂ ಮರೆಮಾಚಬಾರದು. 2024ರಲ್ಲಿ ಪುಣೆಯ ಇಂಥದೊಂದು ಸಂಸ್ಥೆಗೆ ಸೇರಿ ನಾಲ್ಕೇ ತಿಂಗಳಾಗಿದ್ದ 26 ವರ್ಷದ ಲೆಕ್ಕಪರಿಶೋಧಕಿಯೊಬ್ಬರು ತೀರಿಕೊಂಡರು. ಮಗಳ ಮೇಲೆ ಹೇರಿದ ಅತಿಯಾದ ಕೆಲಸವೇ ಕಾರಣವೆಂದು ತಾಯಿ ಬರೆದ ಪತ್ರ ದೇಶದಾದ್ಯಂತ ಚರ್ಚೆಗೆ ಬಂತು. ಸಂಸ್ಥೆ ಆ ಆರೋಪವನ್ನು ಒಪ್ಪಲಿಲ್ಲ. ಆದರೆ ತಡರಾತ್ರಿಯವರೆಗೆ ದುಡಿಯುವುದನ್ನೇ ಯೋಗ್ಯತೆಯೆಂದು ಬಗೆಯುವ ರೂಢಿ ಆ ಚರ್ಚೆಯಲ್ಲಿ ಬೆಳಕಿಗೆ ಬಂತು. ಹೋಗುವ ಮಕ್ಕಳು ಇದನ್ನು ತಿಳಿದು ಹೋಗಬೇಕು. ಆರೋಗ್ಯ ಕೆಡುವಂತಿದ್ದರೆ ಬಿಟ್ಟು ಬರುವುದು ಸೋಲಲ್ಲವೆಂದು ಮನೆಯವರೂ ತಿಳಿದಿರಬೇಕು.

ಇಷ್ಟೆಲ್ಲ ತೊಡಕುಗಳಿದ್ದರೂ ಆ ವಿದ್ಯೆ ಬೆಟ್ಟಕ್ಕೆ ಬೇಕೇ? ಹೂಗ್ಯಂ ವಲಯದಲ್ಲಿಯೇ ಇದಕ್ಕೆ ಉತ್ತರವಿದೆ. 2025ರ ಜೂನ್ 26ರಂದು ಇಲ್ಲಿಯ ಮೀಣ್ಯಂ ಅರಣ್ಯದಲ್ಲಿ ಒಂದು ಹೆಣ್ಣುಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತೆಂದು ತನಿಖೆ ಹೇಳಿತು. ಬಂಧನಗಳಾದವು. ರಾಜ್ಯವೆಲ್ಲ ಮರುಗಿತು. ಅದೇ ದಿನಗಳಲ್ಲಿ ಇನ್ನೊಂದು ಸಂಗತಿಯೂ ಹೊರಬಂತು. ಕಾಡು ಕಾಯುವ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ವೇತನವೇ ಸಿಕ್ಕಿರಲಿಲ್ಲ. ವಿಷವಿಟ್ಟ ಅಪರಾಧ ಇದರಿಂದ ಕಿರಿದಾಗುವುದಿಲ್ಲ. ಆದರೂ ಹಸು ಕಳೆದುಕೊಂಡವನ ಪರಿಹಾರದ ಕಡತ, ಗಸ್ತು ತಿರುಗುವವನ ವೇತನದ ಪಟ್ಟಿ ಇವೆರಡೂ ಕಾಡಿನ ಅಳಿವು ಉಳಿವಿಗೆ ಸೇರಿದ ದಾಖಲೆಗಳೆಂಬುದು ಆಗ ಅರಿವಾಗಬೇಕಿತ್ತು. ಯಾವ ತಿಂಗಳು ಎಷ್ಟು ಹಣ ಬಂತು, ಎಲ್ಲಿ ನಿಂತಿತು, ಯಾರ ಸಹಿಗಾಗಿ ಕಾಯಿತು ಎಂದು ಹಿಂದಿನ ಏಪ್ರಿಲ್‌ನಲ್ಲಿಯೇ ಕೇಳುವವರು ಊರಿನಲ್ಲಿದ್ದಿದ್ದರೆ, ಆ ಪ್ರಶ್ನೆ ಹುಲಿಗಳ ಸಾವಿನ ತನಕ ಕಾಯಬೇಕಾಗಿರಲಿಲ್ಲ.

ಸಾಕ್ಷ್ಯ ಕಲೆಹಾಕುವ ಕೆಲಸ ಬೆಟ್ಟದವರಿಗೆ ಒಗ್ಗದೆಂಬುದೂ ಸುಳ್ಳು. ಪಕ್ಕದ ಬಿಳಿಗಿರಿರಂಗನಬೆಟ್ಟದ ಸೋಲಿಗರು ತಮ್ಮ ಪೂಜಾಸ್ಥಳಗಳನ್ನೂ ಹಳೆಯ ನೆಲೆಗಳನ್ನೂ ನಕ್ಷೆಯಲ್ಲಿ ಗುರುತಿಸಿದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ರಾಜಸ್ಥಾನದ ಹಳ್ಳಿಗರು 1994ರಿಂದ ಜನಸುನವಾಯಿಗಳಲ್ಲಿ ಹಾಜರಿ ಪಟ್ಟಿಗಳನ್ನು ಗಟ್ಟಿಯಾಗಿ ಓದಿಸಿ, ಸತ್ತವರ ಹೆಸರಿನಲ್ಲಿಯೂ ಕೂಲಿ ಬರೆದಿದ್ದನ್ನು ಬಯಲಿಗೆ ತಂದರು. 2005ರ ಮಾಹಿತಿ ಹಕ್ಕು ಕಾಯ್ದೆಯ ಹಿಂದೆ ಆ ಹೋರಾಟದ ಬಲವಿದೆ. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯ ಕೈಗೇ ಕೊಟ್ಟಿತ್ತು. 2025ರ ಡಿಸೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಬೇರೊಂದು ಕಾಯ್ದೆ ಬಂದಿದೆ. ಕಾಯ್ದೆ ಬದಲಾದಾಗ ಲೆಕ್ಕ ಕೇಳುವ ರೂಢಿಯೂ ಕಳೆದುಹೋಗದಂತೆ ನೋಡಿಕೊಳ್ಳುವುದು ಊರಿನವರ ಹೊಣೆ.

ಆದ್ದರಿಂದ ಬೆಟ್ಟದ ಊರುಗಳೂ ಕಾಲೇಜುಗಳೂ ಕೂಡಿ ಮಾಡಬಹುದಾದ ಒಂದು ಸರಳ ಏರ್ಪಾಡಿದೆ. ಬೇಸಿಗೆಯ ಇಂಟರ್ನ್‌ಶಿಪ್ ಜೂನ್ ಅಥವಾ ಜುಲೈನಲ್ಲಿ ಮುಗಿಯುತ್ತದೆ. ಗ್ರಾಮ ಪಂಚಾಯಿತಿಗಳ ಜಮಾಬಂದಿ ನಡೆಯಬೇಕಾದದ್ದು ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ. ವರ್ಷದ ವರಮಾನ ಖರ್ಚುಗಳನ್ನು ಜನರ ಎದುರು ಓದಿ, ಕಾಮಗಾರಿಗಳನ್ನು ಸ್ಥಳದಲ್ಲೇ ನೋಡಲು ಇರುವ ದಿನ ಅದು. ಅನೇಕ ಕಡೆ ಸಹಿ ಹಾಕಿ ಮುಗಿಸುವ ಶಾಸ್ತ್ರವಾಗಿಬಿಟ್ಟಿದೆ. ದೊಡ್ಡ ಕಚೇರಿಯಲ್ಲಿ ತರಬೇತಿ ಪಡೆದು ಬಂದ ವಿದ್ಯಾರ್ಥಿ, ಅಲ್ಲಿಗೆ ಹೋಗಲಾಗದ ನಾಲ್ವರು ಸಹಪಾಠಿಗಳನ್ನು ಜೊತೆಗಿಟ್ಟುಕೊಂಡು, ಜಮಾಬಂದಿಗೆ ಹದಿನೈದು ದಿನ ಮೊದಲು ತನ್ನ ಪಂಚಾಯಿತಿಯ ಪುಸ್ತಕಗಳನ್ನು ನೋಡಲಿ. ಬೇಕಾದ ದಾಖಲೆಗಳಿಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಉತ್ತರಕ್ಕೆ ಮೂವತ್ತು ದಿನಗಳ ಗಡುವಿರುವುದರಿಂದ ಜುಲೈನಲ್ಲಿಯೇ ಅರ್ಜಿ ಹೋಗಬೇಕು. ಚೆಕ್ ಡ್ಯಾಂ ಕಟ್ಟಿದ್ದಾಗಿ ಬರೆದಿದ್ದರೆ ಹೋಗಿ ಅಳೆಯಲಿ. ಸಸಿ ನೆಟ್ಟಿದ್ದಾಗಿ ಬರೆದಿದ್ದರೆ ಬದುಕಿರುವುದನ್ನು ಎಣಿಸಲಿ. ಕಂಡದ್ದನ್ನು ಹಳ್ಳಿಯವರಿಗೆ ಅರ್ಥವಾಗುವ ಕನ್ನಡದಲ್ಲಿ, ಎರಡು ಪುಟದಲ್ಲಿ ಬರೆದು ಸಭೆಯಲ್ಲಿ ಓದಲಿ. ಈ ಹದಿನೈದು ದಿನಗಳನ್ನೂ ಇಂಟರ್ನ್‌ಶಿಪ್ ಎಂದೇ ಪರಿಗಣಿಸಿ ಅಂಕ ಕೊಡಲು ಕಾಲೇಜುಗಳು ಒಪ್ಪಬೇಕು. ನಗರದ ದೊಡ್ಡ ಸಂಸ್ಥೆಗಳಿಗೂ ಒಂದು ಬೇಡಿಕೆ ಸಲ್ಲುತ್ತದೆ: ಕಾಡಂಚಿನ ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳಿಂದಲೂ ವಿದ್ಯಾರ್ಥಿಗಳನ್ನು ಆರಿಸಿ, ವಸತಿಯ ವೆಚ್ಚವನ್ನು ಪೂರ್ತಿಯಾಗಿ ಭರಿಸಿ.

ಹೀಗೆ ಕಲಿತವರೆಲ್ಲ ಊರಿಗೇ ಮರಳಬೇಕೆಂದು ಹಠ ಹಿಡಿಯುವುದು ನ್ಯಾಯವಲ್ಲ. ಹೊಟ್ಟೆಪಾಡು ಎಲ್ಲಿ ಕರೆಯುತ್ತದೋ ಅಲ್ಲಿಗೆ ಹೋಗುವ ಹಕ್ಕು ಅವರಿಗಿದೆ. ವರ್ಷಕ್ಕೆ ಹದಿನೈದು ದಿನ ಪುಸ್ತಕ ಬಿಚ್ಚಿ ಕೂರುವ ಐದು ಮಂದಿ ಊರಿಗೊಂದು ತಂಡವಾಗಿ ಉಳಿದರೆ ಸಾಕು. ಪಂಚಾಯಿತಿಯಲ್ಲಿ, ಅರಣ್ಯ ಕಚೇರಿಯಲ್ಲಿ, ಮುಂದೊಂದು ದಿನ ಯಾವುದಾದರೂ ಯೋಜನೆಯ ಸಾರ್ವಜನಿಕ ವಿಚಾರಣೆಯಲ್ಲಿ ಅವರು ಕೇಳಬೇಕಾದ ಪ್ರಶ್ನೆ ಒಂದೇ: ಬರೆದದ್ದು ಎಲ್ಲಿದೆ, ತೋರಿಸಿ. ಬರುವ ಆಗಸ್ಟ್ ತಿಂಗಳ ಜಮಾಬಂದಿಯಿಂದಲೇ ಇದು ಆರಂಭವಾಗಲಿ.