ತಕ್ಕಡಿ ಕೊಳ್ಳುವ ಮುನ್ನ ಕಿಡಿ ಪರೀಕ್ಷೆಯ ವರದಿ ಕೇಳಿ

ಮೈಸೂರಿನ ಬಂಡಿಪಾಳ್ಯದ ಮಾರುಕಟ್ಟೆಗೆ ಮಾಲು ತರುವ ರೈತರಿಗೂ, ಹಳ್ಳಿಯ ಸಂಘಕ್ಕೆ ಹಾಲು ಹಾಕುವವರಿಗೂ ಎಲೆಕ್ಟ್ರಾನಿಕ್ ತಕ್ಕಡಿ ಈಗ ಹೊಸದೇನಲ್ಲ. ತಕ್ಕಡಿಗೆ ಮುದ್ರೆ ಬಿದ್ದಿದೆಯೇ ಎಂದು ನೋಡುವ ಅಭ್ಯಾಸವೂ ಬೆಳೆದಿದೆ. ಇದರ ಜೊತೆಗೆ ಸ್ಥಿರ ವಿದ್ಯುತ್ತಿನ ಕಿಡಿ ಪರೀಕ್ಷೆಯ ವರದಿಯನ್ನೂ ಸಂಘಗಳು ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಚಳಿಗಾಲ ಮುಗಿಯುವ ಹೊತ್ತಿನ ಒಣ ಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ಕಳಚಿದರೆ ಚಟಪಟ ಸದ್ದಾಗುವುದನ್ನು ಎಲ್ಲರೂ ಬಲ್ಲರು. ಪ್ಲಾಸ್ಟಿಕ್ ಚೀಲ ಉಜ್ಜಿದಾಗಲೂ ಮೈಯಲ್ಲಿ ಹೀಗೆಯೇ ವಿದ್ಯುತ್ತು ಕೂಡುತ್ತದೆ. ಮಳೆಗಾಲದ ತೇವದಲ್ಲಿ ಅದು ತಾನಾಗಿ ಹರಿದುಹೋಗುತ್ತದೆ. ಒಣ ದಿನಗಳಲ್ಲಿ ನಿಂತು, ಲೋಹ ಮುಟ್ಟಿದೊಡನೆ ಹಾರುತ್ತದೆ. ಸುಮಾರು 3,000 ವೋಲ್ಟಿಗಿಂತ ಕಡಿಮೆಯಿದ್ದರೆ ಕೈಗೆ ಚುರುಕೆನಿಸುವುದೇ ಇಲ್ಲ. ಆದರೆ ಕೆಲವು ಚಿಪ್ಪುಗಳು 100 ವೋಲ್ಟಿಗೇ ಕೆಡಬಲ್ಲವು. ಮನುಷ್ಯನಿಗೆ ಗೊತ್ತಾಗದ ಪೆಟ್ಟು ಯಂತ್ರಕ್ಕೆ ಬಿದ್ದಿರುತ್ತದೆ.

ಇದನ್ನೇ ಪ್ರಯೋಗಾಲಯದಲ್ಲಿ ಪಿಸ್ತೂಲಿನಂಥ ಉಪಕರಣದಿಂದ ಬೇಕೆಂದೇ ಮಾಡಲಾಗುತ್ತದೆ. ಅಂತರರಾಷ್ಟ್ರೀಯ ಮಾನಕ 61000-4-2ರಂತೆ, ಲೋಹದ ಸಲಕರಣೆ ಹಿಡಿದ ಮನುಷ್ಯನ ಕೈಯಿಂದ ಹಾರುವ ಕಿಡಿಯನ್ನು ಅದು ಅನುಕರಿಸುತ್ತದೆ. ತಾಗಿಸಿ ಹೊಡೆಯುವಾಗ 8,000 ವೋಲ್ಟಿನವರೆಗೆ, ಗಾಳಿಯ ಮೂಲಕ 15,000 ವೋಲ್ಟಿನವರೆಗೆ ಮಟ್ಟಗಳಿವೆ. 8,000 ವೋಲ್ಟಿನ ಕಿಡಿಯಲ್ಲಿ ಕ್ಷಣಮಾತ್ರ 30 ಆಂಪಿಯರ್ ಹರಿಯುತ್ತದೆ. ಐದು ಅಶ್ವಶಕ್ತಿಯ ಪಂಪು ಒಂದು ಫೇಸಿನಲ್ಲಿ ಎಳೆಯುವುದು ಏಳೆಂಟು ಆಂಪಿಯರ್ ಎಂಬುದನ್ನು ನೆನೆದರೆ ಪೆಟ್ಟಿನ ರಭಸ ತಿಳಿದೀತು. ಆದರೆ ಈ ಪೆಟ್ಟು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು ಕಾಲದಲ್ಲಿ ಏರಿ ಬೇಗನೆ ಇಳಿದುಬಿಡುತ್ತದೆ. ಫ್ಯೂಸು ಇದನ್ನು ತಡೆಯಲಾರದು.

ವರದಿಯಲ್ಲಿ ‘ಪಾಸು’ ಎಂದಿದ್ದರೆ ಸಾಲದು. ಪೆಟ್ಟು ಬಿದ್ದಾಗಲೂ ಯಂತ್ರ ಸರಿಯಾಗಿ ನಡೆದರೆ ‘ಎ’ ದರ್ಜೆ. ತಡವರಿಸಿ ತಾನೇ ಸುಧಾರಿಸಿಕೊಂಡರೆ ‘ಬಿ’. ಯಾರಾದರೂ ಆರಿಸಿ ಹಚ್ಚಬೇಕಾದರೆ ‘ಸಿ’. ಮಾರಾಟಗಾರನಿಗೆ ‘ಬಿ’ ಸಾಕೆನಿಸಬಹುದು, ಆದರೆ ಚೀಟಿ ಮುದ್ರಣವಾಗುವ ಗಳಿಗೆಯಲ್ಲೇ ತಕ್ಕಡಿ ತಡವರಿಸಿದರೆ ನಷ್ಟ ರೈತನದೇ. ಪಂಪಿನ ಎಲೆಕ್ಟ್ರಾನಿಕ್ ಸ್ಟಾರ್ಟರು ನಿಂತು ತಾನಾಗಿಯೇ ಮತ್ತೆ ಚಾಲೂ ಆದರಂತೂ, ಬಳಿ ಕೆಲಸ ಮಾಡುತ್ತಿರುವವನ ಕೈಗೇ ಅಪಾಯ. ತಕ್ಕಡಿಗಳ ವಿಷಯದಲ್ಲಿ ಅಂತರರಾಷ್ಟ್ರೀಯ ಕಾನೂನು ಮಾಪನ ಸಂಸ್ಥೆಯ ಆರ್ 76 ಶಿಫಾರಸು ಸ್ಪಷ್ಟವಾಗಿದೆ: ಫಲಕದ ಮೇಲೆ ಇಂಗ್ಲಿಷಿನ ‘ಇ’ ಅಕ್ಷರದ ಮುಂದೆ ಬರೆದ ತೂಕಕ್ಕಿಂತ ಹೆಚ್ಚು ವ್ಯತ್ಯಾಸ ಬರಕೂಡದು, ಬಂದರೆ ತಕ್ಕಡಿಯೇ ಅದನ್ನು ಪತ್ತೆಹಚ್ಚಿ ಎಚ್ಚರಿಸಬೇಕು.

ಪರೀಕ್ಷೆ ನಡೆಯುವುದು ಮಾದರಿಯ ಮೇಲೆ, ಪ್ರತಿಯೊಂದು ಯಂತ್ರದ ಮೇಲಲ್ಲ. ಅದು ಸರಿಯೇ. ಮೊಳಕೆ ಪರೀಕ್ಷೆಗೆ ಇಟ್ಟ ಬೀಜವನ್ನು ಯಾರೂ ಚೀಲಕ್ಕೆ ಮರಳಿ ಹಾಕುವುದಿಲ್ಲವಷ್ಟೆ? ನೂರಾರು ಕಿಡಿ ತಿಂದ ಯಂತ್ರದ ಚಿಪ್ಪಿನೊಳಗೆ ಕಾಣದ ಗಾಯವಾಗಿರಬಹುದು. ಅಂದು ಚೆನ್ನಾಗಿದ್ದು ತಿಂಗಳುಗಳ ನಂತರ ಕೈಕೊಡಬಹುದು. ಆದ್ದರಿಂದ ಪರೀಕ್ಷೆಗೆ ಒಳಗಾದ ಯಂತ್ರವನ್ನು ಹೊಸದೆಂದು ಮಾರುವುದು ಸಲ್ಲದು. ಅಗ್ಗಕ್ಕೆ ಸಿಕ್ಕಿತೆಂದು ಸಂಘಗಳು ಕೊಳ್ಳಲೂಬಾರದು.

ಇನ್ನೊಂದು ಮಾತು. ಪರೀಕ್ಷೆ ಆಗಿರುವುದು ಮುಚ್ಚಿದ ಪೆಟ್ಟಿಗೆಗೆ, ಅರ್ತ್ ತಂತಿ ಸಮೇತ. ಮೂರನೆಯ ಪಿನ್ನನ್ನು ಕತ್ತರಿಸಿದವರು ಆ ವರದಿಯನ್ನೂ ಕತ್ತರಿಸಿದಂತೆಯೇ. ಮೈಸೂರಿನಲ್ಲಿ 1988ರಲ್ಲಿ ಆರಂಭವಾದ ಕೇನ್ಸ್‌ನಂಥ ಎಲೆಕ್ಟ್ರಾನಿಕ್ ಕಾರ್ಖಾನೆಗಳ ಕೆಲಸದಲ್ಲಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಅರ್ತಿಗೆ ಸೇರಿಸಿಕೊಳ್ಳುವುದು ಮೊದಲ ಪಾಠ. ಪೇಟೆಯ ದುರಸ್ತಿಗಾರನಿಗೂ ಈ ಪಟ್ಟಿ ದುಬಾರಿಯೇನಲ್ಲ. ಬರಿಗೈಯಲ್ಲಿ ಬೋರ್ಡು ಹಿಡಿಯುವವರಿಗೆ ಸಂಘದ ತಕ್ಕಡಿಯನ್ನು ಒಪ್ಪಿಸಬಾರದು. ಮುದ್ರೆ ಒಡೆದು ದುರಸ್ತಿಯಾದ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮರುಮುದ್ರೆ ಬೇಕೇಬೇಕು. ಆದರೆ ಅಲ್ಲಿ ತೂಕದ ಕಲ್ಲಿಟ್ಟು ನೋಡುತ್ತಾರೆಯೇ ಹೊರತು ಕಿಡಿ ಹೊಡೆದು ನೋಡುವುದಿಲ್ಲ.