ಶಿಶುವಿನ ಅನ್ನ ತಾಯಿಯ ತಟ್ಟೆಯಲ್ಲಿದೆ

ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕೆಂಬ ಮಾತನ್ನು ನಮ್ಮ ಜನರು ಒಪ್ಪಿಕೊಂಡಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರರಲ್ಲಿ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆಯುತ್ತವೆ. ಇದು ಸಂತಸದ ವಿಷಯ. ಆದರೆ ಅದೇ ಸಮೀಕ್ಷೆ ಇನ್ನೆರಡು ಸಂಗತಿಗಳನ್ನೂ ಹೇಳುತ್ತದೆ. ಜನಿಸಿದ ಒಂದು ಗಂಟೆಯೊಳಗೆ ಎದೆಹಾಲು ಪಡೆಯುವ ಮಕ್ಕಳು ಸುಮಾರು ಅರ್ಧದಷ್ಟು ಮಾತ್ರ. ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಅಂದರೆ ಹೆರಿಗೆಯ ಸ್ಥಳ ಬದಲಾಗಿದೆ, ಆದರೆ ತಾಯಿಯ ತಟ್ಟೆ ಬದಲಾಗಿಲ್ಲ. ಮಗು ವೈದ್ಯರ ಕೈಯಲ್ಲಿ ಜನಿಸುತ್ತದೆ, ಆದರೆ ಅದಕ್ಕೆ ಮೊದಲು ಏನನ್ನು ಉಣಿಸಬೇಕೆಂಬುದನ್ನು ಹಳೆಯ ರೂಢಿಗಳೇ ತೀರ್ಮಾನಿಸುತ್ತವೆ.

ರಾಯಚೂರು ಜಿಲ್ಲೆಯವರಾದ ನಮಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. 2011ರಲ್ಲಿ ಇಲ್ಲಿನ ಅಪೌಷ್ಟಿಕ ಮಕ್ಕಳ ಸಾವಿನ ಸುದ್ದಿ ಇಡೀ ರಾಜ್ಯವನ್ನು ಕಲಕಿತ್ತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿಯು 2012ರಲ್ಲಿ ವರದಿ ನೀಡಿತು. ಆಗ ಎಲ್ಲರ ದೃಷ್ಟಿ ಬಡಕಲು ಮಕ್ಕಳ ಮೇಲಿತ್ತು. ಆದರೆ ಮಗುವಿನ ಅಪೌಷ್ಟಿಕತೆ ಅನೇಕ ವೇಳೆ ತಾಯಿಯ ಗರ್ಭದಲ್ಲಿಯೇ ಆರಂಭವಾಗುತ್ತದೆ. ದೇವದುರ್ಗ ತಾಲೂಕಿನ ಗೂಗಲ್‌ನಂತಹ ಕೃಷ್ಣಾ ತೀರದ ಹಳ್ಳಿಯಲ್ಲಿ ಹೊಲದ ಕೂಲಿಗೆ ಹೋಗುವ ಗರ್ಭಿಣಿಗೂ, ಮಾನ್ವಿ ಅಥವಾ ರಾಯಚೂರಿನ ಓಣಿಯಲ್ಲಿ ಮನೆಯೊಳಗೇ ಇರುವ ನಮ್ಮ ಸೊಸೆಯಂದಿರಿಗೂ ಈ ವಿಷಯದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಒಬ್ಬಳಿಗೆ ಬಡತನದಿಂದ ಊಟ ಸಾಲದು. ಇನ್ನೊಬ್ಬಳಿಗೆ ಮನೆಯಲ್ಲಿ ಎಲ್ಲವೂ ಇದ್ದು, ಕೊನೆಯಲ್ಲಿ ಉಣ್ಣುವವಳು ಅವಳೇ ಆಗಿರುವುದರಿಂದ ಸಾಲದು.

ನಾನೂ ಮಕ್ಕಳನ್ನು ಹೆತ್ತವಳು. ಗರ್ಭಿಣಿಗೆ ಎಲ್ಲರೂ ಸಲಹೆ ನೀಡುತ್ತಾರೆ. ಅದನ್ನು ತಿನ್ನಬೇಡ, ಇದು ಉಷ್ಣ, ಅದು ಶೀತ, ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎನ್ನುತ್ತಾರೆ. 'ನೀನು ಇಂದು ಏನು ಉಂಡೆ?' ಎಂದು ಕೇಳುವವರು ಮಾತ್ರ ವಿರಳ. ಬಾಣಂತನದಲ್ಲಂತೂ ಛಿಲ್ಲಾದ ನಲವತ್ತು ದಿನಗಳೂ ಪಥ್ಯವೇ. ಸೊಪ್ಪು ಬೇಡ, ಹಣ್ಣು ಬೇಡ, ನೀರು ಸಹ ಅಳೆದು ಕೊಡಬೇಕು! ಹಾಲುಣಿಸುವ ತಾಯಿಯ ದೇಹ ಗರ್ಭಿಣಿಯ ದೇಹಕ್ಕಿಂತಲೂ ಹೆಚ್ಚು ಆಹಾರವನ್ನು ಬೇಡುತ್ತದೆ ಎಂಬುದನ್ನು ಯಾರು ಯೋಚಿಸುತ್ತಾರೆ? ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ, ನುಗ್ಗೆಸೊಪ್ಪು, ಮೊಟ್ಟೆ ಇವು ನಮ್ಮ ನೆಲದಲ್ಲಿಯೇ ದೊರೆಯುವ ಆಹಾರ. ಸರಕಾರ ಉಚಿತವಾಗಿ ನೀಡುವ ಕಬ್ಬಿಣಾಂಶದ ಮಾತ್ರೆಗಳನ್ನು ಗರ್ಭಿಣಿಯಾಗಿದ್ದಾಗ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಊಟದ ಬೆನ್ನಿಗೇ ಚಹಾ ಕುಡಿಯುವ ಅಭ್ಯಾಸವಿದ್ದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಮ್ಮ ಮನೆಗಳಲ್ಲಿ ಈ ಅಭ್ಯಾಸ ಎಷ್ಟು ವ್ಯಾಪಕವಾಗಿದೆಯೆಂದು ಹೇಳಬೇಕಾಗಿಲ್ಲ.

ಇನ್ನು ಮೊದಲ ಹಾಲಿನ ವಿಷಯ. ಹೆರಿಗೆಯಾದ ಕೂಡಲೇ ಬರುವ, ಹಳದಿ ಬಣ್ಣದ ಆ ದಪ್ಪ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವವರು ಇಂದಿಗೂ ಇದ್ದಾರೆ. ವಾಸ್ತವದಲ್ಲಿ ರೋಗನಿರೋಧಕ ಶಕ್ತಿ ತುಂಬಿರುವ ಆ ಹಾಲು ಮಗುವಿಗೆ ಮೊದಲ ಲಸಿಕೆಯಿದ್ದಂತೆ. ಅದನ್ನು ಚೆಲ್ಲಿ ಸಕ್ಕರೆ ನೀರು, ಘುಟ್ಟಿ, ಜೇನು ನೆಕ್ಕಿಸುವುದು ಎಂತಹ ವಿವೇಕ? ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯಕಾರಿ ಎಂದು ವೈದ್ಯರು ಎಚ್ಚರಿಸುತ್ತಾರೆ. ಕೆಲವರು ಇದಕ್ಕೆ ಧರ್ಮದ ಹೊದಿಕೆಯನ್ನೂ ಹೊದಿಸುತ್ತಾರೆ. 2016ರ ನವೆಂಬರ್‌ನಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಮುಕ್ಕಂನಲ್ಲಿ, ಐದು ಬಾಂಗ್ ಕೇಳಿಬರುವ ತನಕ ಮಗುವಿಗೆ ಹಾಲುಣಿಸಕೂಡದೆಂದು ತಂದೆಯೊಬ್ಬ ತಡೆದು, ಪ್ರಕರಣ ಪೊಲೀಸ್ ಠಾಣೆಗೆ ತಲುಪಿತು. ನವಜಾತ ಶಿಶುವಿನ ಕಿವಿಯಲ್ಲಿ ಬಾಂಗ್ ಹೇಳುವುದಕ್ಕೂ ಅದನ್ನು ಹಸಿವಿನಿಂದಿರಿಸುವುದಕ್ಕೂ ಎಲ್ಲಿಯ ಸಂಬಂಧ?

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಎಷ್ಟು ಸ್ಪಷ್ಟವಾಗಿದೆ ಎಂಬುದನ್ನು ನೋಡಿರಿ. ಅಲ್‌ಬಕರ ಅಧ್ಯಾಯದ 233ನೇ ವಚನವು ಪೂರ್ಣ ಎರಡು ವರ್ಷಗಳ ಸ್ತನಪಾನದ ಕುರಿತು ಹೇಳುವಾಗ, ತಾಯಿಯ ಆಹಾರ ಮತ್ತು ಉಡುಪಿನ ಹೊಣೆಯನ್ನು ಮಗುವಿನ ತಂದೆಯ ಮೇಲೆ ಹೊರಿಸುತ್ತದೆ. ಹಾಲು ಬಿಡಿಸುವ ತೀರ್ಮಾನವೂ ಇಬ್ಬರ ಒಪ್ಪಿಗೆ ಮತ್ತು ಸಮಾಲೋಚನೆಯಿಂದಲೇ ಆಗಬೇಕು. ಈ ವಚನದ ಅರ್ಧವನ್ನು ಮಾತ್ರ ಹೆಣ್ಣುಮಕ್ಕಳಿಗೆ ಬೋಧಿಸಿ, ಉಳಿದರ್ಧವನ್ನು ಗಂಡಸರು ಮರೆತರೆ ಅದು ನ್ಯಾಯವೇ? ರಮಝಾನಿನ ಉಪವಾಸದಲ್ಲಿಯೂ ಗರ್ಭಿಣಿ ಮತ್ತು ಹಾಲುಣಿಸುವ ತಾಯಿಗೆ ರಿಯಾಯಿತಿಯಿದೆ. ಆ ರಿಯಾಯಿತಿಯನ್ನು ಪಡೆದವಳನ್ನು ಕೊಂಕು ನೋಟದಿಂದ ನೋಡುವ ಹಕ್ಕು ಯಾರಿಗೂ ಇಲ್ಲ.

'ಹಾಲು ಸಾಲುತ್ತಿಲ್ಲ' ಎಂಬ ಮಾತು ಬಾಣಂತಿಯನ್ನು ಅತಿ ಹೆಚ್ಚು ಕುಗ್ಗಿಸುತ್ತದೆ. ಮಗು ಅತ್ತರೆ ಸಾಕು, ಹಿರಿಯರು ಬಾಟಲಿಯನ್ನು ತರಿಸುತ್ತಾರೆ. ಮಗು ಚೀಪಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಬಾಟಲಿ ಬಂದೊಡನೆ ಚೀಪುವುದು ಕಡಿಮೆಯಾಗಿ ಹಾಲೂ ಕಡಿಮೆಯಾಗುತ್ತದೆ. ಮಗುವಿನ ತೂಕ ಏರುತ್ತಿದ್ದರೆ, ಮೊದಲ ವಾರದ ಬಳಿಕ ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಕಿಲ್ಲ. ರಾಯಚೂರಿನ ಬಿರುಬೇಸಿಗೆಯಲ್ಲಿಯೂ ಬೇಕಿಲ್ಲ. ಆದರೆ ಕೆಲವು ತಾಯಂದಿರಿಗೆ ಅನಾರೋಗ್ಯದಿಂದ ನಿಜವಾಗಿಯೂ ಹಾಲು ಸಾಲದಿರಬಹುದು. ಅಂಥವರನ್ನು ಹೀಯಾಳಿಸದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಸರಕಾರದ ಹೊಣೆಯೂ ಇಲ್ಲಿ ಕಡಿಮೆಯಲ್ಲ. ಗರ್ಭಿಣಿ ಮತ್ತು ಬಾಣಂತಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ನೀಡುವ 'ಮಾತೃಪೂರ್ಣ' ಯೋಜನೆಯನ್ನು 2017ರಲ್ಲಿ ಮೊದಲು ಪ್ರಾಯೋಗಿಕವಾಗಿ ಜಾರಿಗೊಳಿಸಿದ ನಾಲ್ಕು ತಾಲೂಕುಗಳಲ್ಲಿ ನಮ್ಮ ಮಾನ್ವಿಯೂ ಒಂದು. ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಯ ಈ ಊಟ ಒಳ್ಳೆಯದೇ. ಆದರೆ ತುಂಬು ಗರ್ಭಿಣಿ ದಿನವೂ ನಡೆದು ಹೋಗಬೇಕು, ಹಸಿ ಬಾಣಂತಿ ಮಗುವನ್ನು ಬಿಟ್ಟು ಹೋಗಬೇಕು ಎಂದರೆ ಅದು ಎಷ್ಟು ಮಂದಿಗೆ ಸಾಧ್ಯ? 2013ರ ಆಹಾರ ಭದ್ರತಾ ಕಾಯ್ದೆಯು ಪ್ರತಿಯೊಬ್ಬ ಗರ್ಭಿಣಿಗೂ ಕನಿಷ್ಠ 6,000 ರೂಪಾಯಿಗಳ ನೆರವನ್ನು ಹೇಳಿತು. ಆದರೆ 2017ರಲ್ಲಿ ಬಂದ ಕೇಂದ್ರದ ಮಾತೃವಂದನಾ ಯೋಜನೆ 5,000 ರೂಪಾಯಿಯನ್ನು ಮೊದಲ ಮಗುವಿಗಷ್ಟೇ ಸೀಮಿತಗೊಳಿಸಿತು. ನಂತರ ಎರಡನೆಯ ಮಗು ಹೆಣ್ಣಾದರೆ 6,000 ಎಂದಿತು. ಎರಡನೆಯದು ಗಂಡಾದರೆ ತಾಯಿಗೆ ಹಸಿವಾಗುವುದಿಲ್ಲವೇ? ಸಂಘಟಿತ ವಲಯದ ಮಹಿಳೆಗೆ 26 ವಾರಗಳ ವೇತನಸಹಿತ ರಜೆಯಿದೆ. ಗೂಗಲ್‌ನ ಹೊಲದಲ್ಲಿ ಕಳೆ ಕೀಳುವವಳಿಗೆ ಒಂದು ದಿನದ ರಜೆಯೆಂದರೆ ಒಂದು ದಿನದ ಕೂಲಿಯ ನಷ್ಟ.

ಸರಕಾರವನ್ನು ಪ್ರಶ್ನಿಸೋಣ, ಅದು ನಮ್ಮ ಹಕ್ಕು. ಆದರೆ ಮನೆಯ ತಟ್ಟೆಯನ್ನು ಸರಿಪಡಿಸಲು ಯಾವ ಆದೇಶವೂ ಬೇಕಿಲ್ಲ. ಅತ್ತೆಯಂದಿರು ಸೊಸೆಯನ್ನು ಮೊದಲ ಪಂಕ್ತಿಯಲ್ಲಿ ಕೂರಿಸಲಿ. ಗಂಡಂದಿರು ಔಷಧದ ಚೀಟಿಯ ಜೊತೆಗೆ ಹೆಂಡತಿಯ ಊಟವನ್ನೂ ವಿಚಾರಿಸಲಿ. ಜುಮುಅ ಖುತ್ಬಾಗಳಲ್ಲಿ ಉಲಮಾಗಳು ಅಲ್‌ಬಕರದ ಆ ವಚನವನ್ನು ತಂದೆಯರಿಗೂ ವಿವರಿಸಿ ಹೇಳಲಿ. ಮುಂದಿನ ಪೀಳಿಗೆ ಬಲಿಷ್ಠವಾಗಬೇಕೆಂದು ವೇದಿಕೆಗಳಲ್ಲಿ ಮಾತನಾಡುವ ನಾವು, ಆ ಪೀಳಿಗೆಯನ್ನು ಒಡಲಲ್ಲಿ ಹೊತ್ತವಳು ಇಂದು ಉಂಡಳೇ ಎಂಬುದನ್ನು ಮೊದಲು ಕೇಳಬೇಕಾಗಿದೆ.