ಶಾಲಾ ವಯಸ್ಸಿನ ಕಾಲೇಜು ಗ್ರೇಡ್: ಮರೆಮಾಚಲಾಗದ ದಾಖಲೆ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಸದ್ಭಕ್ತರ ಮನೆಗಳಲ್ಲಿ ಶರತ್ಕಾಲ ಬಂತೆಂದರೆ ಮಕ್ಕಳ ಕಾಲೇಜು ಅರ್ಜಿಗಳದೇ ಚಿಂತೆ. ಆ ಚಿಂತೆಯ ನಡುವೆ ಒಂದು ಪ್ರಶ್ನೆ ಪದೇ ಪದೇ ಏಳುತ್ತದೆ. ಪ್ರೌಢಶಾಲೆಯಲ್ಲಿದ್ದಾಗಲೇ ಸಮೀಪದ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಪಡೆದ ಗ್ರೇಡನ್ನು ಅರ್ಜಿಯಲ್ಲಿ ತಿಳಿಸಲೇಬೇಕೆ? ಅದು ಕಡಿಮೆಯಾಗಿದ್ದರೆ ಬಿಟ್ಟುಬಿಡಬಹುದೆ?

ಡ್ಯುಯಲ್ ಎನ್‌ರೋಲ್‌ಮೆಂಟ್ ಎಂದು ಕರೆಯಲಾಗುವ ಈ ವ್ಯವಸ್ಥೆಯ ಪ್ರಯೋಜನ ದೊಡ್ಡದು. ಸಾಮಾನ್ಯವಾಗಿ ಒಂದೇ ಪಾಠ ಶಾಲೆಯ ಲೆಕ್ಕಕ್ಕೂ ಕಾಲೇಜಿನ ಲೆಕ್ಕಕ್ಕೂ ಸಲ್ಲುತ್ತದೆ. ಅನೇಕ ರಾಜ್ಯಗಳಲ್ಲಿ ಶುಲ್ಕದ ಹೊರೆಯೂ ಹಗುರ. ಆದರೆ ಎಪಿ ಪರೀಕ್ಷೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಎಪಿ ಪರೀಕ್ಷೆಯ ಅಂಕವನ್ನು ಕಳುಹಿಸುವುದು ಬಹುಮಟ್ಟಿಗೆ ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟದ್ದು. ಕಾಲೇಜಿನ ಗ್ರೇಡಾದರೋ ಆ ಕಾಲೇಜಿನ ಶಾಶ್ವತ ದಾಖಲೆಯಾಗಿ ಉಳಿಯುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಶಾಲೆಯ ಪಾಠಗಳೊಂದಿಗೆ ಕಾಲೇಜಿನ ಪಾಠಗಳನ್ನೂ, ಅನುತ್ತೀರ್ಣವಾದವನ್ನೂ ಸೇರಿಸಿ, ವಿದ್ಯಾರ್ಥಿಯೇ ನಮೂದಿಸಬೇಕು. ಪ್ರವೇಶ ದೊರೆತ ಮೇಲೆ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ತರಿಸಿ ತಾಳೆ ನೋಡಲಾಗುತ್ತದೆ. ಮರೆಮಾಚಿದ್ದು ಬೆಳಕಿಗೆ ಬಂದರೆ ದೊರೆತ ಪ್ರವೇಶವೇ ರದ್ದಾಗಬಹುದು. ಮುಂದೆ ವೈದ್ಯಕೀಯ ಕಾಲೇಜಿಗೆ ಎಎಂಸಿಎಎಸ್ ಮೂಲಕ ಅರ್ಜಿ ಹಾಕುವಾಗಲೂ ಶಾಲಾ ದಿನಗಳ ಕಾಲೇಜು ಪಾಠಗಳನ್ನು ತೋರಿಸಲೇಬೇಕು. ಆ ಗ್ರೇಡುಗಳು ಸರಾಸರಿಯಲ್ಲಿ ಸೇರುತ್ತವೆ. ಅದೇ ಪಾಠವನ್ನು ಮತ್ತೆ ಓದಿ ಉತ್ತಮಪಡಿಸಿಕೊಂಡರೂ ಹಳೆಯ ಗ್ರೇಡ್ ಲೆಕ್ಕದಿಂದ ಹೋಗುವುದಿಲ್ಲ. ಹದಿನೈದರ ಹರೆಯದಲ್ಲಿ ಎಡವಿದ್ದು ವೈದ್ಯನಾಗಹೊರಟ ಯುವಕನ ಬೆನ್ನಿಗಿರುತ್ತದೆ.

ಕರ್ನಾಟಕದಲ್ಲಿ 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಊರಿನ ಈ ರೂಢಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿನ ಮಕ್ಕಳಿಗೆ ಸಲಹೆ ನೀಡುವ ಹಿರಿಯರು ಈ ಭೇದವನ್ನು ಅರಿಯಬೇಕು.

ಆದುದರಿಂದ ಎಚ್ಚರ ಅರ್ಜಿಯ ಹೊತ್ತಿನಲ್ಲಲ್ಲ, ನೋಂದಣಿಯ ಹೊತ್ತಿನಲ್ಲಿಯೇ ಇರಬೇಕು. ನೆರೆಮನೆಯ ಮಗು ನಾಲ್ಕು ಪಾಠ ತೆಗೆದುಕೊಂಡಿತೆಂದು ನಮ್ಮ ಮಗುವಿನ ಮೇಲೆ ಐದು ಹೇರುವುದು ಸಲ್ಲದು. ಪಾಠ ಕಠಿಣವೆನಿಸಿದರೆ, ದಾಖಲೆಯಲ್ಲಿ ಗುರುತುಳಿಯದಂತೆ ಹಿಂದೆ ಸರಿಯಲು ಕಾಲೇಜು ಗೊತ್ತುಮಾಡಿದ ಗಡುವನ್ನು ಮೊದಲೇ ತಿಳಿದಿರಬೇಕು. ಗಡುವು ದಾಟಿ ಬಿಟ್ಟರೆ 'ಡಬ್ಲ್ಯೂ' ಎಂಬ ಗುರುತು ಉಳಿಯುತ್ತದೆ. ಅದು ಸಾಮಾನ್ಯವಾಗಿ ಸರಾಸರಿಯನ್ನು ಕುಗ್ಗಿಸುವುದಿಲ್ಲ. ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆಯ ಮೇಲಣ ಹಕ್ಕು, ವಯಸ್ಸು ಹದಿನೆಂಟಾಗದಿದ್ದರೂ, ಅಲ್ಲಿನ ಕಾನೂನಿನಂತೆ ವಿದ್ಯಾರ್ಥಿಯದೇ. ಹೀಗಾಗಿ ಕಾಲೇಜು ತಾನಾಗಿಯೇ ತಂದೆತಾಯಿಗೆ ವಿಷಯ ತಿಳಿಸೀತೆಂದು ನಂಬಿ ಕೂರುವಂತಿಲ್ಲ. ಮಗು ಅಂಜದೆ ಬಂದು ಹೇಳಿಕೊಳ್ಳುವ ವಾತಾವರಣ ಮನೆಯಲ್ಲಿರಬೇಕು.

ಕಡಿಮೆ ಗ್ರೇಡ್ ಈಗಾಗಲೇ ಬಂದಿದ್ದರೆ ಅದನ್ನು ಇದ್ದಂತೆಯೇ ಬರೆಯುವುದು, ಅನಾರೋಗ್ಯದಂತಹ ಕಾರಣವಿದ್ದರೆ ಅರ್ಜಿಯ ಹೆಚ್ಚುವರಿ ಮಾಹಿತಿಯ ಭಾಗದಲ್ಲಿ ನಾಲ್ಕು ಸಾಲಿನಲ್ಲಿ ನಿವೇದಿಸುವುದು ಸರಿಯಾದ ದಾರಿ. ಒಂದು 'ಸಿ' ಗ್ರೇಡಿನಿಂದ ಬಾಳು ಮುಗಿಯುವುದಿಲ್ಲ. ಅದನ್ನು ಬಚ್ಚಿಡಲು ಹೆತ್ತವರೇ ಕಲಿಸಿದರೆ, ನಡೆನುಡಿ ಒಂದಾಗಿರಬೇಕೆಂದು ನಾವು ಮಕ್ಕಳಿಗೆ ಹೇಳಿದ್ದೆಲ್ಲ ಬರಿಯ ಮಾತಾಗುತ್ತದೆ.